ಏಣಿ ಸಾವಕಾರ, ಕೊಡೆ ಸಾವಕಾರ, ನಮ್ಮ ಮಾಮಾ

ನಮ್ಮ ಮಾಮಾನಿಗೆ ಚೀನೀ ಭಾಷೆ ಬರುತ್ತಿತ್ತು. ಓದಲು ಬರುತ್ತಿರಲಿಲ್ಲ, ಬರೆಯಲು ಬರುತ್ತಿರಲಿಲ್ಲ, ಮಾತಾಡಲು ಬರುತ್ತಿರಲಿಲ್ಲ, ಬೇರೆಯವರು ಮಾತಾಡಿದರೆ ತಿಳಿಯುತ್ತಿರಲಿಲ್ಲ. ಅಷ್ಟು ಬಿಟ್ಟರೆ ಚೆನ್ನಾಗಿಯೇ ಬರುತ್ತಿತ್ತು! ಎಪ್ಪತ್ತರ ದಶಕದ ಇಳಕಲ್ಲಿನಲ್ಲಿ ಅವರ ತಪ್ಪು ಹಿಡಿಯಬಲ್ಲ ಇನ್ನೊಬ್ಬ ಚೀನೀ ಪಂಡಿತ ಇರಲಿಲ್ಲವಾದ್ದರಿಂದ ಇಡೀ ಹುನಗುಂದ ತಾಲೂಕಿಗೆ ಅವರ ಮಾತೇ ಕೊನೆಯ ಮಾತು.

ಮಾಮಾ ಎಂದರೆ ನನ್ನ ತಾಯಿಯ ಅಣ್ಣ. ಇಳಕಲ್ಲಿನ ಬಜಾರಿನಲ್ಲಿ ಅವರದೊಂದು ನೂಲಿನ ಅಂಗಡಿ ಇತ್ತು. ನೇಕಾರರು ಬಂದು ಕೆಂಪು ನೂಲು ಕೇಳಿದರೆ ಹಸಿರು ಕೊಟ್ಟು, ಹಸಿರು ಕೇಳಿದರೆ "ಸ್ವಲ್ಪ ತಡೀಪಾ" ಎಂದು ಭೂತಗನ್ನಡಿ ಹಿಡಿದು ಕೂರುವ ಅಂಗಡಿ ಅದು. ನೆಂಟರಲ್ಲಿ ಯಾರ ಮನೆಯಲ್ಲಿ ಕಾರ್ಯವಾದರೂ ಊಟದ ನಂತರ ಎಲೆ ಅಡಿಕೆಯ ಜೊತೆಗೆ ಮಾಮಾನ ಕಥೆ ಒಂದಾದರೂ ಬರಲೇಬೇಕು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕವಳೇ. ಆದರೆ ಒಂದು ದಿನ ಬಾದಾಮಿಯ ಗಂಡನ ಮನೆ ಬಿಟ್ಟು, ಬಾಗಲಕೋಟೆಯ ತಂದೆಯ ಮನೆಯಲ್ಲೂ ಜಾಗ ಸಿಗದೆ, ಟ್ರಂಕು ಹಿಡಿದು ಇದೇ ಮಾಮಾನ ಬಾಗಿಲಲ್ಲಿ ನಿಂತೆ. ಅವರ ಹುಚ್ಚು ನೇಮದೊಳಗೆ ನಾನು ಕೂಡುತ್ತೇನೋ ಇಲ್ಲವೋ ಎಂಬುದು ಆ ದಿನ ನಗುವ ಮಾತಾಗಿರಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ನೇಮ ಹುಟ್ಟಿದ್ದು ಹೇಗೆ ಎಂಬುದು ನಿಮಗೆ ತಿಳಿಯಬೇಕಲ್ಲ?

ಮಾಮಾನ ಅಜ್ಜ ರೇಷ್ಮೆ ನೂಲಿನ ವ್ಯಾಪಾರಿ. ಆ ಕಾಲಕ್ಕೆ ನಮ್ಮ ಇಳಕಲ್ ಸೀರೆಯ ಸೆರಗಿಗೂ ಗುಳೇದಗುಡ್ಡದ ಕುಪ್ಪಸದ ಖಣಕ್ಕೂ ರೇಷ್ಮೆ ಚೀನಾದಿಂದ ಹಡಗಿನಲ್ಲಿ ಮುಂಬಯಿಗೆ ಬಂದು ಅಲ್ಲಿಂದ ಇಲ್ಲಿಗೆ ಬರುತ್ತಿತ್ತಂತೆ. ಆ ರೇಷ್ಮೆಯ ಬೆನ್ನು ಹತ್ತಿ ಒಂದಿಷ್ಟು ಬೆಳ್ಳಿ ನಾಣ್ಯಗಳೂ ಬಂದು ಮನೆಯ ತಗಡಿನ ಡಬ್ಬಿ ಸೇರಿದ್ದವು. ಕೆಲವು ಚೀನಾದವು, ಕೆಲವು ಜಪಾನಿನವು. ಮನೆ ಪಾಲಾಗುವಾಗ ಮಾಮಾನ ತಮ್ಮ ಹೊಲ ಕೇಳಿದ, ಮಾಮಾ ಡಬ್ಬಿ ಕೇಳಿದರು. ಪಂಚರಿಗೆ ಅಷ್ಟು ಸುಲಭದ ನ್ಯಾಯ ಆ ಮೊದಲು ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ. ಮಾಮಾನ ಹೆಂಡತಿ, ಅಂದರೆ ನಮ್ಮ ಅತ್ತಿ, ಆವತ್ತಿನಿಂದ ಪ್ರತಿ ಮುಂಗಾರಿಗೂ ತಪ್ಪದೆ ಕೇಳುತ್ತಿದ್ದಳು: "ಏನ್ರಿ, ಮಳಿ ಬಿತ್ತು. ಡಬ್ಬ್ಯಾಗ ಜ್ವಾಳಾ ಬಿತ್ತೂದು ಯಾವಾಗ?"

ನಾಣ್ಯದ ಮೇಲೆ ಮೀಸೆ ಬಿಟ್ಟ ಉದ್ದನೆಯದೊಂದು ಪ್ರಾಣಿ ಸುತ್ತಿಕೊಂಡು ಮಲಗಿರುತ್ತಿತ್ತು. ಹಾವೆಂದರೆ ಕಾಲುಗಳಿದ್ದವು, ಮೊಸಳೆಯೆಂದರೆ ಮೀಸೆ ಇತ್ತು. ಡ್ರ್ಯಾಗನ್ ಅಂತೆ ಅದರ ಹೆಸರು. ಬೇರೆ ಯಾರಾದರೂ ಆ ಪ್ರಾಣಿಗೆ ಮರುಳಾಗುತ್ತಿದ್ದರು. ನಮ್ಮ ಮಾಮಾ ಅದರ ಕಡೆ ತಿರುಗಿಯೂ ನೋಡಲಿಲ್ಲ. ಅವರು ಮರುಳಾದದ್ದು ಅದರ ಮೈಮೇಲೆ ಅಲ್ಲಲ್ಲಿ ಬಿದ್ದಿದ್ದ, ಜೋಳದ ಕಾಳಿಗಿಂತ ಸಣ್ಣ ಗುರುತುಗಳಿಗೆ. ಅವು ಆ ದೇಶದ ವ್ಯಾಪಾರಿಗಳ ಮುದ್ರೆಗಳು. ನಾಣ್ಯ ಕೈಗೆ ಬಂದರೆ ಅದನ್ನು ಬಾರಿಸಿ, ತೂಗಿ, ಬೆಳ್ಳಿ ಖರೆಯೆಂದು ಕಂಡ ಮೇಲೆ ಪ್ರತಿಯೊಬ್ಬ ವ್ಯಾಪಾರಿಯೂ ತನ್ನ ಅಂಗಡಿಯ ಮುದ್ರೆಯನ್ನು ಅದರ ಮೇಲೆ ಸುತ್ತಿಗೆಯಿಂದ ಹೊಡೆಯುತ್ತಿದ್ದನಂತೆ. ಹಾಗೆ ಹೊಡೆಸಿಕೊಂಡು ಹೊಡೆಸಿಕೊಂಡು ಕೆಲವು ನಾಣ್ಯಗಳು ಬಟ್ಟಲಿನ ಹಾಗೆ ತಗ್ಗಾಗಿದ್ದವು. ಯಾವ ಮುದ್ರೆ ಯಾರದು ಎಂದು ಗುರುತು ಹಿಡಿಯುವುದೇ ಮಾಮಾನ ಜೀವಮಾನದ ಕೆಲಸ.

ಗುರುತು ಹಿಡಿಯಲು ಅಕ್ಷರ ಬರಬೇಕಲ್ಲವೇ? ಅದು ನಿಮಗೆ, ನನಗೆ. ಮಾಮಾ ಅಕ್ಷರದ ಆಕಾರ ನೋಡಿ ಹೆಸರಿಟ್ಟುಬಿಟ್ಟರು. ಏಣಿಯಂತೆ ಕಂಡದ್ದು ಏಣಿ ಸಾವಕಾರನದು. ಕೊಡೆಯಂತೆ ಕಂಡದ್ದು ಕೊಡೆ ಸಾವಕಾರನದು. ಇನ್ನೊಬ್ಬ ಕುರ್ಚಿ ಸಾವಕಾರ, ಮತ್ತೊಬ್ಬ ಕಾಲು ಚಾಚಿದ ಸಾವಕಾರ. ಇಷ್ಟಕ್ಕೇ ಬಿಟ್ಟರೆ ಅವರು ನಮ್ಮ ಮಾಮಾ ಹೇಗಾಗುತ್ತಾರೆ? ಪ್ರತಿಯೊಬ್ಬನ ಗುಣಸ್ವಭಾವವೂ ಅವರಿಗೆ ಗೊತ್ತಿತ್ತು.

"ಈ ಕೊಡೆ ಸಾವಕಾರ ಭಾಳ ಸಂಭಾವಿತ ಮನುಷ್ಯಾ. ನೋಡು, ಯಾವಾಗ್ಲೂ ಅಂಚಿಗೆ ಹೊಡೀತಾನ. ಆ ಏಣಿಯವ ಅದಾನಲ್ಲ, ಸೊಕ್ಕಿನ ಮಗಾ. ನೆಟ್ಟಗ ಮಾರಿ ಮ್ಯಾಲೇನ ಹೊಡದಾನ."

"ಕುರ್ಚಿ ಸಾವಕಾರ ಹ್ಯಾಂಗ ಮಾಮಾ?"

"ಅವಂದು ಏಣಿಯವನ ಜೋಡಿ ಆಗಿಬರೂದಿಲ್ಲ. ಅವನ ಮುದ್ರಿ ಮ್ಯಾಲೆ ಇವ ಹೊಡದಾನ, ಇವನ ಮುದ್ರಿ ಮ್ಯಾಲೆ ಅವ ಹೊಡದಾನ. ಎದುರುಬದುರು ಅಂಗಡಿ ಇರಬೇಕು."

ಹೀಗೆ ಚೀನಾದ ಯಾವುದೋ ಬಂದರಿನ ಬಜಾರು ಇಳಕಲ್ಲಿನ ಬಜಾರಿಗೆ ಬಂದು ಕೂಡಿಕೊಂಡಿತು. ನಮ್ಮ ಓಣಿಯ ಹೆಂಗಸರು ಕೂಡ ಜಿಪುಣರನ್ನು ಕಂಡರೆ "ಕಾಲು ಚಾಚಿದ ಸಾವಕಾರನಂಥವ" ಎನ್ನತೊಡಗಿದರು. ಸತ್ತು ಎಷ್ಟೋ ಕಾಲವಾದ ಆ ಪುಣ್ಯಾತ್ಮರು ಸಮುದ್ರದಾಚೆ ತಮಗೆ ಇಂಥ ಹೆಸರು ಬಂದೀತೆಂದು ಕನಸಿನಲ್ಲಾದರೂ ಎಣಿಸಿದ್ದರೇ?

ಸವೆದುಹೋದ ಮುದ್ರೆ ಕಾಣಿಸಲು ಮಾಮಾನ ಬಳಿ ಎರಡು ವಿದ್ಯೆಗಳಿದ್ದವು. ಮೊದಲನೆಯದು ಅತ್ತಿಯ ಕಾಡಿಗೆ. ಅದನ್ನು ಹೆಬ್ಬೆರಳಿನಿಂದ ನಾಣ್ಯಕ್ಕೆ ತಿಕ್ಕಿ ಅರಿವೆಯಿಂದ ಒರೆಸಿದರೆ ಮೇಲಿನ ಬೆಳ್ಳಿ ಹೊಳೆದು ತಗ್ಗಿನ ಮುದ್ರೆ ಕಪ್ಪಗೆ ಎದ್ದು ಕಾಣುತ್ತಿತ್ತು. ಅತ್ತಿಯ ಕಣ್ಣಿಗೆ ಕಾಡಿಗೆ ಇಲ್ಲದ ದಿನ ಡ್ರ್ಯಾಗನ್ನಿನ ಕಣ್ಣಿಗೆ ಇರುತ್ತಿತ್ತು. ಈ ತಿಕ್ಕಾಟದಲ್ಲಿ ಮಾಮಾನ ಬೆರಳುಗಳು ವರ್ಷವಿಡೀ ಕಪ್ಪು. ಒಂದು ಸಲ ಓಟು ಹಾಕಲು ಹೋದಾಗ ಮತಗಟ್ಟೆಯ ಅಧಿಕಾರಿ ಅವರ ಕೈ ನೋಡಿ, "ನಿಮ್ದು ಆಗೇತಲ್ರಿ, ಮತ್ತ ಯಾಕ ಬಂದ್ರಿ?" ಎಂದರಂತೆ. ಇದು ಕಾಡಿಗೆ ಎಂದು ಮಾಮಾ ವಾದಿಸಿದರು. ಹೆಂಗಸರ ಕಾಡಿಗೆ ನಿಮ್ಮ ಕೈಗೇಕೆ ಎಂದು ಅಧಿಕಾರಿ ಕೇಳಿದರು. ಚೀನಾದ ಸಾವಕಾರನ ಸಲುವಾಗಿ ಎಂದರು ಮಾಮಾ. ಮುಂದಿನದನ್ನು ನಾನು ಹೇಳುವುದಿಲ್ಲ, ಪೊಲೀಸರೂ ಸುಸ್ತಾದರು ಎಂದಷ್ಟೇ ಕೇಳಿದ್ದೇನೆ.

ಎರಡನೆಯ ವಿದ್ಯೆ ಕಣಕ. ಹೋಳಿಗೆಗೆಂದು ಅತ್ತಿ ನಾದಿಟ್ಟ ಹಿಟ್ಟಿನಲ್ಲಿ ಒಂದು ಮುಷ್ಟಿ ಕದ್ದು, ಅದರ ಮೇಲೆ ನಾಣ್ಯ ಒತ್ತಿ, ಅಚ್ಚು ತೆಗೆದು ಮಾಳಿಗೆಯ ಮೇಲೆ ಒಣಗಿಸುವುದು. ಮಾಳಿಗೆಯ ಮೇಲೆ ಅತ್ತಿಯ ಹಪ್ಪಳಗಳೂ ಒಣಗುತ್ತಿದ್ದವು ಎಂದರೆ ಮುಂದಿನದು ನಿಮಗೆ ಗೊತ್ತಾಗಿರಬೇಕು. ಮಾಮಾನ ಮಗಳನ್ನು ನೋಡಲು ಗುಳೇದಗುಡ್ಡದಿಂದ ಬೀಗರಾಗುವವರು ಬಂದಿದ್ದರು. ಹಪ್ಪಳ ಕರಿದು ಬಡಿಸಿದರು. ಹಿರಿಯರು ಕಡಿದರು, ಅಗಿಯುವುದನ್ನು ನಿಲ್ಲಿಸಿದರು, ದವಡೆಗೆ ಕೈ ಹಚ್ಚಿದರು.

"ನಿಮ್ಮ ಕಡೆ ಹಪ್ಪಳಾ ಭಾಳ ಗಟ್ಟಿ ಮಾಡ್ತೀರಿ ನೋಡ್ರಿ."

ಮಾಮಾ ಅವರ ತಟ್ಟೆಗೆ ಬಗ್ಗಿ ನೋಡಿದರು. ಅವರ ಮುಖದ ಬಣ್ಣವೇ ಇಳಿದುಹೋಯಿತು. "ಅಯ್ಯೋ, ಅರ್ಧಾ ಏಣಿ ಸಾವಕಾರನ್ನ ತಿಂದುಬಿಟ್ರಲ್ರಿ!"

ಆ ಸಂಬಂಧ ಹೇಗೋ ಕೂಡಿತು. ಹಲ್ಲು ಗಟ್ಟಿಯಿದ್ದ ಮನೆತನ.

ಹೆಸರಿಡುವ ಹುಚ್ಚು ಮನೆಯೊಳಗೇ ಉಳಿದಿದ್ದರೆ ಇನ್ನೊಂದಿಷ್ಟು ದಿನ ಸುಖವಾಗಿರುತ್ತಿದ್ದೆವು. ಅಷ್ಟರಲ್ಲಿ ಬಾದಾಮಿಯ ಗುಹೆ ನೋಡಲು ಜಪಾನಿನವರು ಬರುತ್ತಾರೆ ಎಂದು ಯಾರೋ ಪುಣ್ಯಾತ್ಮ ಮಾಮಾನ ಕಿವಿಗೆ ಹಾಕಿದ. ಮಾಮಾ ಡಬ್ಬಿ ಕಂಕುಳಲ್ಲಿ ಇರುಕಿಕೊಂಡು ಬಸ್ಸು ಹತ್ತಿದರು. ಗುಹೆಯ ಮೆಟ್ಟಿಲ ಮೇಲೆ ಅರಿವೆ ಹಾಸಿ, ನಾಣ್ಯ ಹರಡಿ, ಜಪಾನಿನವರ ದಾರಿ ನೋಡುತ್ತ ಕುಳಿತರು. ಹೋಗುತ್ತಿದ್ದ ಯಾತ್ರಿಕರೊಬ್ಬರು ಮರುಕದಿಂದ ಅರಿವೆಯ ಮೇಲೆ ಹತ್ತು ಪೈಸೆ ಹಾಕಿದರು. ಮಾಮಾ ಅದನ್ನು ಎತ್ತಿ ಭೂತಗನ್ನಡಿಯಲ್ಲಿ ನೋಡಿ, "ಇದರ ಮ್ಯಾಲೆ ಯಾರದೂ ಮುದ್ರಿ ಇಲ್ಲ" ಎಂದು ತಿರುಗಿ ಕೊಟ್ಟರಂತೆ.

ಜಪಾನಿನವರಿಗಿಂತ ಮೊದಲು ಬಾದಾಮಿಯ ಮಂಗ ಬಂತು. ಇದ್ದುದರಲ್ಲೇ ಒಳ್ಳೆಯ, ಹೆಚ್ಚು ಹೊಡೆತ ತಿನ್ನದ ಒಂದು ಜಪಾನೀ ನಾಣ್ಯವನ್ನು ಎತ್ತಿಕೊಂಡು ಬಂಡೆ ಏರಿತು. ತಿರುವಿ ನೋಡಿತು, ಮೂಸಿತು, ಕಡೆಗೆ ಕರಕ್ಕನೆ ಕಚ್ಚಿ ಕೆಳಗೆ ಎಸೆಯಿತು. ಅಂಚಿನಲ್ಲಿ ಸಣ್ಣದೊಂದು ತಗ್ಗು ಬಿದ್ದಿತ್ತು. ಬೇರೆ ಯಾರೇ ಆಗಿದ್ದರೂ ಮಂಗನನ್ನು ಬೈಯುತ್ತಿದ್ದರು. ಮಾಮಾ ಸಂತೋಷದಿಂದ ಊರಿಗೆಲ್ಲ ಹೇಳಿಕೊಂಡು ಬಂದರು: "ಮಂಗ್ಯಾ ಸುದ್ಧಾ ಪರೀಕ್ಷಾ ಮಾಡಿ ಪಾಸ್ ಮಾಡ್ಯಾನ."

ಕೊನೆಗೂ ಒಬ್ಬ ಜಪಾನೀ ಮುದುಕರು ಬಂದರು. ಜೊತೆಗೆ ನಮ್ಮ ಊರ ಕಡೆಯ ಗೈಡ್ ಇದ್ದ. ಮುದುಕರ ಇಂಗ್ಲಿಷು ಗೈಡನಿಗೆ ಅರ್ಧ ತಿಳಿಯಿತು, ಗೈಡನ ಇಂಗ್ಲಿಷು ಮುದುಕರಿಗೆ ಕಾಲು ಭಾಗ. ಅವರು ನಾಣ್ಯಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ಏನೇನೋ ಹೇಳಿದರು. ಗೈಡ್ ಕನ್ನಡಕ್ಕೆ ಇಳಿಸಿದ.

"ಇವು ಸಣ್ಣ ಸಣ್ಣ ಅಂಗಡಿಯವರ ಮುದ್ರಿ ಅಂತ್ರಿ. ಆ ಅಂಗಡಿ ಎಲ್ಲಾ ಮುಚ್ಚಿ ಭಾಳ ದಿನ ಆತಂತ. ಯಾರ‍್ಯಾರವು ಅಂತ ಈಗ ಯಾರಿಗೂ ಗೊತ್ತಿಲ್ಲಂತ."

"ನನಗ ಗೊತ್ತೈತಿ ಅಂತ ಹೇಳು ಅವರಿಗೆ," ಎಂದರು ಮಾಮಾ.

ಗೈಡ್ ಹೇಳಿದ. ಮುದುಕರು ಮಾಮಾನಿಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಆಮೇಲೆ ಮತ್ತೊಂದು ಮಾತು ಹೇಳಿದರು. ಅದೇ ನಮ್ಮ ಮನೆಯ ನೆಮ್ಮದಿ ಕೆಡಿಸಿದ ಮಾತು.

"ಮುದ್ರಿ ಹೊಡಿಯೂದು ಅಂದ್ರ ಬರೇ ಚಂದಕ್ಕಲ್ಲಂತ್ರಿ. ಇದನ್ನ ನಾ ನೋಡೇನಿ, ಖರೆ ಐತಿ, ನಾಳೆ ಯಾರಾದ್ರೂ ಇದನ್ನ ತಿರುಗಿ ತಂದ್ರ ನಾ ಒಲ್ಲೆ ಅನ್ನಂಗಿಲ್ಲ ಅಂತ ಮಾತು ಕೊಟ್ಟಂಗಂತ."

ಮಾಮಾ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಆ ಮಾತನ್ನೇ ಗುನುಗುತ್ತಿದ್ದರಂತೆ. ಅದೇ ಭಯದ ಲಕ್ಷಣ. ಊರಿಗೆ ಬಂದವರೇ ಅಕ್ಕಸಾಲಿ ಪತ್ತಾರನ ಹತ್ತಿರ ಹೋಗಿ ತಮ್ಮದೇ ಒಂದು ಉಕ್ಕಿನ ಮುದ್ರೆ ಮಾಡಿಸಿದರು. ಸೀರೆಯ ಸೆರಗಿನ ಮೇಲೆ ಇರುತ್ತದಲ್ಲ, ಜೋಳದ ತೆನೆ, ಅದನ್ನು ಕೆತ್ತಿಸಿದ್ದರು. ಆದರೆ ಪತ್ತಾರನ ಕೈಯಲ್ಲಿ ತೆನೆ ಸೊರಗಿ ಸೊರಗಿ ಎಲ್ಲರ ಕಣ್ಣಿಗೂ ಮೀನಿನ ಮುಳ್ಳಾಗಿ ಕಂಡಿತು. ಕೊರಳಲ್ಲಿ ಲಿಂಗ ಕಟ್ಟಿದ, ಮೊಟ್ಟೆಯ ಹೆಸರೂ ಎತ್ತದ ಮನೆಯ ಪಾತ್ರೆಗಳ ಮೇಲೆಲ್ಲ ಮೀನಿನ ಮುಳ್ಳು! ಅತ್ತಿ ಮೂರು ದಿನ ಅಡುಗೆಯ ಮನೆಯಲ್ಲಿ ಯಾರ ಕೂಡ ಮಾತಾಡಲಿಲ್ಲ. ಪಾದಪೂಜೆಗೆ ಬಂದ ಸ್ವಾಮಿಗಳು ಪ್ರಸಾದದ ತಂಬಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

ಮಾಮಾ ಎಲ್ಲದಕ್ಕೂ ಮುದ್ರೆ ಹೊಡೆಯುತ್ತಿದ್ದರು ಎಂದುಕೊಳ್ಳಬೇಡಿ. ತಾವು ನಾಲ್ಕು ಸಲ ತಿರುವಿ ನೋಡಿ ಒಪ್ಪಿದ್ದಕ್ಕೆ ಮಾತ್ರ. ಆದರೆ ಹೊಡೆದ ಮೇಲೆ ಅದು ತಿರುಗಿ ಬಂದರೆ ತೆಗೆದುಕೊಳ್ಳಲೇಬೇಕು, ಅದು ನೇಮ. ಮದುವೆಗೆ ಉಡುಗೊರೆ ಕೊಟ್ಟ ಕೊಡ ಸೋರುತ್ತದೆ ಎಂದು ತಿರುಗಿ ಬಂತು, ತೆಗೆದುಕೊಂಡರು. ಕೊಟ್ಟ ಕೊಡಲಿ ಮೊಂಡಾಗಿ ಬಂತು, ತೆಗೆದುಕೊಂಡರು. ಒಂದು ಎಮ್ಮೆಯನ್ನು ಕೋಡಿನ ಮೇಲೆ ಮೀನಿನ ಮುಳ್ಳು ಹೊಡೆದು ಹುನಗುಂದದವರೊಬ್ಬರಿಗೆ ಮಾರಿದ್ದರು. ಎರಡೇ ವಾರದಲ್ಲಿ ಆ ಮನುಷ್ಯ ಎಮ್ಮೆಯನ್ನೂ ಕುಂಟುವ ತನ್ನ ಕಾಲನ್ನೂ ಎಳೆದುಕೊಂಡು ಬಂದ.

"ಸಾವಕಾರ‍್ರ, ಎಮ್ಮಿ ಒದೀತೈತ್ರಿ."

ಮಾಮಾ ಭೂತಗನ್ನಡಿ ತಂದು ಕೋಡು ನೋಡಿದರು. "ನಮ್ಮದ ಐತಿ. ಕಟ್ಟು."

"ಇದು ಒದಿಯೂದು ನಿಮಗ ಗೊತ್ತಿದ್ದಿಲ್ಲೇನ್ರಿ?" ಎಂದು ಒಳಗಿನಿಂದ ಅತ್ತಿ ಕೇಳಿದಳು.

"ನನಗ ಒದ್ದಿದ್ದಿಲ್ಲ," ಎಂದರು ಮಾಮಾ. ಎಮ್ಮೆಗೆ ಆ ಮಾತು ಕೇಳಿಸಿರಬೇಕು. ಮರುದಿನದಿಂದ ಆ ಕೊರತೆಯನ್ನೂ ನೀಗಿಸಿತು.

ನೇಮಕ್ಕೆ ಇನ್ನೊಂದು ಮುಖವೂ ಇತ್ತು. ಮುದ್ರೆ ಇಲ್ಲದಿದ್ದರೆ ಬ್ರಹ್ಮ ಬಂದು ಕೇಳಿದರೂ ತೆಗೆದುಕೊಳ್ಳುತ್ತಿರಲಿಲ್ಲ. ಸ್ವಂತ ತಮ್ಮ ಒಂದು ಕೊಡೆ ತಿರುಗಿ ತಂದ. ಅದರ ಮರದ ಹಿಡಿಕೆ ಮುರಿದು ಹೊಸದು ಹಾಕಿಸಿದ್ದ, ಮುದ್ರೆ ಹಳೆಯ ಹಿಡಿಕೆಯ ಜೊತೆ ಒಲೆಗೆ ಹೋಗಿತ್ತು.

"ಅಣ್ಣಾ, ನೀನ ಕೊಟ್ಟಿದ್ದೆಲ್ಲೊ."

"ಕೊಟ್ಟಿರಬಹುದು. ಮುದ್ರಿ ಎಲ್ಲೈತಿ?"

ಅಣ್ಣತಮ್ಮಂದಿರು ಮುಂದಿನ ಮಳೆಗಾಲದವರೆಗೂ ಮಾತು ಬಿಟ್ಟಿದ್ದರು. ಮಾಮಾನ ಹುಚ್ಚಿಗೂ ಒಂದು ಬೇಲಿ ಇದೆಯಲ್ಲ ಎಂದು ಅತ್ತಿ ಸಮಾಧಾನಪಟ್ಟುಕೊಂಡಳು.

ಆ ದಿನಗಳಲ್ಲೇ ನನ್ನ ಮದುವೆ ಗೊತ್ತಾಯಿತು. ಹುಡುಗ ಬಾದಾಮಿಯವನು. ಹುಡುಗನನ್ನು ನೋಡಲು ಹೋಗುವಾಗ ನನ್ನ ತಂದೆ ಮಾಮಾನನ್ನು ಬೇಕೆಂದೇ ಕರೆಯಲಿಲ್ಲ. ಬೀಗರ ಮುಂದೆ ಭೂತಗನ್ನಡಿ ತೆಗೆದು ವರನ ಅಂಚು ನೋಡಿದರೆ ಏನು ಗತಿ? ಮದುವೆಯ ದಿನ ಸೋದರಮಾವ ಹುಡುಗಿಯ ಕೈ ಹಿಡಿದು ಹಂದರಕ್ಕೆ ಕರೆತರುವುದು ನಮ್ಮಲ್ಲಿ ಪದ್ಧತಿ, ಅದನ್ನು ತಪ್ಪಿಸಲು ಬರುವುದಿಲ್ಲವಲ್ಲ. ಬಂದರು. ನನ್ನ ಕೈ ಹಿಡಿಯುವ ಮೊದಲು ಅಂಗಿಯ ಕಿಸೆಯಿಂದ ಒಂದು ನಾಣ್ಯ ತೆಗೆದು ನನ್ನ ಅಂಗೈಗೆ ಇಟ್ಟರು. ಮಂಗ ಕಚ್ಚಿದ ಜಪಾನೀ ನಾಣ್ಯ. ಅದರ ಮೇಲೆ ಹೊಚ್ಚ ಹೊಸ ಮೀನಿನ ಮುಳ್ಳು.

ನನಗೆ ಆಶ್ಚರ್ಯವಾಯಿತು. ಎಮ್ಮೆಗೆ ಹೊಡೆದಿದ್ದರು, ಕೊಡಕ್ಕೆ ಹೊಡೆದಿದ್ದರು, ಆದರೆ ಡಬ್ಬಿಯ ನಾಣ್ಯಕ್ಕೆ ಅವರು ಅದುವರೆಗೆ ಮುದ್ರೆ ಹೊಡೆದದ್ದೇ ಇರಲಿಲ್ಲ. ದೊಡ್ಡ ದೊಡ್ಡ ಸಾವಕಾರರು ಹೊಡೆದ ಜಾಗದಲ್ಲಿ ನಾನ್ಯಾವನು ಎನ್ನುತ್ತಿದ್ದರು.

"ಇದಕ್ಕ ಯಾಕ ಹೊಡದ್ರಿ ಮಾಮಾ?"

"ನಿನಗ ಹೊಡಿಯಾಕ ಬರೂದಿಲ್ಲಲ್ಲವ್ವ. ಅದಕ್ಕ ಇದಕ್ಕ ಹೊಡದೇನಿ. ಕಳೀಬ್ಯಾಡ."

ಸುತ್ತ ನಿಂತವರೆಲ್ಲ ನಕ್ಕರು. ಗಂಡನ ತಾಯಿ ನಾಣ್ಯ ತಿರುವಿ ನೋಡಿ, "ಸ್ವಾದರಮಾವಂದು ಉಡುಗೊರಿ ಅಂದ್ರ ಇದೇನ? ಅದೂ ಕಚ್ಚಿದ್ದು" ಎಂದರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಮಾಮಾ ಮಾತ್ರ ದೊಡ್ಡ ವ್ಯವಹಾರ ಮುಗಿಸಿದವರ ಹಾಗೆ ಊಟಕ್ಕೆ ಕುಳಿತು ಎರಡು ಸಲ ಗೋಧಿ ಹುಗ್ಗಿ ಬಡಿಸಿಕೊಂಡರು.

ಬಾದಾಮಿಯ ಕಥೆ ಉದ್ದ ಮಾಡುವುದಿಲ್ಲ, ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಗಂಡನಿಗೆ ಹುಬ್ಬಳ್ಳಿಯಲ್ಲಿ ಮೊದಲೇ ಒಂದು ಸಂಸಾರವಿತ್ತು, ಅದು ಆ ಮನೆಯಲ್ಲಿ ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಬೆಳ್ಳಿಯ ದರ ಒಮ್ಮೆಲೇ ಏರಿದಾಗ ಮನೆಮನೆಯವರು ಹಳೆಯ ಬೆಳ್ಳಿ ಹೊತ್ತು ಪತ್ತಾರರ ಅಂಗಡಿಗೆ ಓಡಿದರಲ್ಲ, ಆಗ ನನ್ನನ್ನು ಕೇಳದೆಯೇ ನನ್ನ ನಾಣ್ಯವನ್ನೂ ಕರಗಿಸಿದರು. ಜಗಳವಾಯಿತು. ಕೈಯೂ ಎತ್ತಿದರು. ಒಂದು ಬೆಳಿಗ್ಗೆ ಟ್ರಂಕು ತೆಗೆದುಕೊಂಡು ಬಾಗಲಕೋಟೆಗೆ ಬಂದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಅಪ್ಪ ನನ್ನ ಮುಖ ನೋಡದೆ ಹೇಳಿದರು: "ಹೊಂದ್ಕೊಂಡು ಹೋಗಬೇಕವ್ವ. ನೀ ಇಲ್ಲಿ ಕುಂತ್ರ ನಿನ್ನ ತಂಗೀನ ಯಾರು ಮಾಡ್ಕೋತಾರ?" ಅವರೇ ಬಸ್‌ಸ್ಟ್ಯಾಂಡಿನವರೆಗೆ ಟ್ರಂಕು ಹೊತ್ತು ತಂದು, ಬಾದಾಮಿಯ ಬಸ್ಸು ನಿಲ್ಲುವಲ್ಲಿ ನನ್ನನ್ನು ಕೂಡಿಸಿ, ತಿರುಗಿ ನೋಡದೆ ಹೋದರು. ಅವರು ಕೆಟ್ಟವರಲ್ಲ, ಅಂಜಿದ್ದರು. ನನಗೆ ಆ ಹೊತ್ತಿಗೆ ಅದು ತಿಳಿಯಲಿಲ್ಲ. ಬಾದಾಮಿಯ ಬಸ್ಸು ಬಂತು, ಹೋಯಿತು. ಹುನಗುಂದದ ಮೇಲೆ ಇಳಕಲ್ಲಿಗೆ ಹೋಗುವ ಬಸ್ಸು ಬಂತು. ಹತ್ತಿಬಿಟ್ಟೆ.

ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು, ಮುದ್ರಿ ಎಲ್ಲೈತಿ ಎಂಬುದು. ಒಡಹುಟ್ಟಿದ ತಮ್ಮನ ಕೊಡೆಯನ್ನೇ ತೆಗೆದುಕೊಳ್ಳದ ಮನುಷ್ಯ. ಈಗ ನಾನು ನಾಣ್ಯವೂ ಇಲ್ಲದೆ ಬರಿಗೈಯಲ್ಲಿ ಹೋಗುತ್ತಿದ್ದೇನೆ. ಹುಚ್ಚರ ನೇಮವನ್ನು ನಂಬಿಕೊಂಡು ಬಸ್ಸು ಹತ್ತಿದ ನನಗಿಂತ ದೊಡ್ಡ ಹುಚ್ಚಿ ಇನ್ಯಾರಿದ್ದಾರೆ?

ಮಧ್ಯಾಹ್ನ ಮನೆ ಮುಟ್ಟಿದೆ. ಅಂಗಳದಲ್ಲಿ ತಿರುಗಿ ಬಂದ ಸಾಮಾನುಗಳೆಲ್ಲ ಇದ್ದವು: ಸೋರುವ ಕೊಡ, ಮೊಂಡ ಕೊಡಲಿ, ಗೋಡೆಯ ಕಡೆ ಮುಖ ಮಾಡಿ ಕಟ್ಟಿದ ಎಮ್ಮೆ. ಕಟ್ಟೆಯ ಮೇಲೆ ಮಾಮಾ ಅರಿವೆ ಹಾಸಿಕೊಂಡು ಯಾವುದೋ ನಾಣ್ಯಕ್ಕೆ ಕಾಡಿಗೆ ತಿಕ್ಕುತ್ತಿದ್ದರು. ತಲೆ ಎತ್ತಿ ನನ್ನನ್ನು ನೋಡಿದರು, ಟ್ರಂಕು ನೋಡಿದರು. ನನ್ನ ಗದ್ದದ ಹತ್ತಿರ ಇನ್ನೂ ಮಾಯದ ಗಾಯವನ್ನು ನೋಡಿದರು.

"ಮಾಮಾ, ನಾಣ್ಯಾ ಕರಗಿಸಿಬಿಟ್ರು. ಮುದ್ರಿ ಇಲ್ಲ," ಎಂದೆ. ನೀರು ಕೊಡಿ ಎನ್ನಲಿಲ್ಲ, ನಮಸ್ಕಾರ ಮಾಡಲಿಲ್ಲ. ಬಾಗಿಲಲ್ಲೇ ನಿಂತು ಇಷ್ಟು ಹೇಳಿ ಅಳುತ್ತಿದ್ದೆ.

ಮಾಮಾ ಎದ್ದು ಹತ್ತಿರ ಬಂದರು. ಭೂತಗನ್ನಡಿ ಹಿಡಿದು, ಏಣಿ ಸಾವಕಾರನನ್ನು ನೋಡುವಷ್ಟೇ ಗಂಭೀರವಾಗಿ ನನ್ನ ಮುಖ ನೋಡಿದರು. ಆಮೇಲೆ ತಮ್ಮ ಕರಿ ಹೆಬ್ಬೆರಳನ್ನು ನನ್ನ ಗಲ್ಲದ ಮೇಲೆ, ಕೂಸಿಗೆ ದೃಷ್ಟಿಬೊಟ್ಟು ಇಡುವ ಹಾಗೆ, ಒತ್ತಿದರು.

"ಇಲ್ಲೇ ಐತಲ್ಲ. ಯಾರ ಇಲ್ಲ ಅಂದವ್ರು?"

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಯಾರ‍್ರಿ ಅದು ಬಂದವ್ರು?" ಎಂದು ಅತ್ತಿ ಕೂಗಿ ಕೇಳಿದಳು.

"ನಮ್ಮದ, ತಿರುಗಿ ಬಂದೈತಿ," ಎಂದು ಮಾಮಾ ಟ್ರಂಕು ಎತ್ತಿಕೊಂಡರು. "ಒದಿಯೂ ಎಮ್ಮೀನ ತಗೊಂಡೇನಿ, ಇದನ್ನ ಬಿಡ್ತೇನೇನು? ಇನ್ನೆರಡು ರೊಟ್ಟಿ ಬಡಿ."

ಆ ದಿನ ನಾನು ಮುಖ ತೊಳೆದುಕೊಳ್ಳಲಿಲ್ಲ.